ಎಲೆ ಮುಗಿಯಿತೇ?



2020ನೇ ಇಸವಿಯಲ್ಲಿ ನಮ್ಮ ಕಾಸರಗೋಡಿನ ಮನೆಗಳಿಗೆ ಒಂದು ಇಂಗ್ಲಿಷ್ ಮಾತು ಬಂದು ಸೇರಿಕೊಂಡಿತು: ವರ್ಕ್ ಫ್ರಂ ಹೋಮ್. ಎಂಬತ್ತು ದಾಟಿದ ಅಜ್ಜಿಯಂದಿರೂ “ನಮ್ಮ ಮಗನಿಗೆ ಈಗ ವರ್ಕ್ ಫ್ರಂ ಹೋಮ್ ಅಂತೆ ಫಾದರ್” ಎಂದು ಹೇಳತೊಡಗಿದರು. ಕೆಲವರ ಬಾಯಲ್ಲಿ ಅದು ಯಾವುದೋ ಹೊಸ ಕಾಯಿಲೆಯ ಹೆಸರಿನಂತೆ ಕೇಳಿಸುತ್ತಿತ್ತು. ಲ್ಯಾಪ್‌ಟಾಪಿನ ಚೀಲ ಹೆಗಲಿಗೆ ಹಾಕಿಕೊಂಡು ಬೆಂಗಳೂರು, ಪುಣೆಗಳಿಂದ ಊರಿಗೆ ಬಂದ ಮಕ್ಕಳಲ್ಲಿ ಹೆಚ್ಚಿನವರು ಈಗ ಹಿಂದಿರುಗಿದ್ದಾರೆ. ಮಹಾಮಾರಿ ಇಳಿದರೂ ಆ ಪದ್ಧತಿ ಮಾತ್ರ ಪೂರ್ತಿಯಾಗಿ ಹೋಗಲಿಲ್ಲ. ಇಂದು ಮದುವೆಯ ಮಾತುಕತೆಗೆ ಕುಳಿತ ಹಿರಿಯರು ಹುಡುಗನ ಸಂಬಳದ ಜೊತೆಗೆ “ವಾರಕ್ಕೆ ಎಷ್ಟು ದಿನ ಆಫೀಸು?” ಎಂದೂ ಕೇಳುತ್ತಾರೆ. ಆದುದರಿಂದ ಆ ಎರಡು ವರ್ಷಗಳಲ್ಲಿ ನಮ್ಮದೇ ಮನೆಯಲ್ಲಿ ನಡೆದುದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆಂದು ತೋರಿತು.

ಮಾತು ಹೊಸದಾದರೂ ಸಂಗತಿ ಹೊಸದಲ್ಲ. ನನ್ನ ಅಮ್ಮ ಇಪ್ಪತ್ತೆಂಟು ವರ್ಷ ಮನೆಯಲ್ಲೇ ಕುಳಿತು ಸಂಬಳದ ಕೆಲಸ ಮಾಡಿದವರು. ಬೀಡಿ ಕಟ್ಟುತ್ತಿದ್ದರು. ನಮ್ಮ ಓರಗೆಯ ಎಷ್ಟೋ ಮಂದಿಯ ಶಾಲೆಯ ಫೀಸು, ಅಕ್ಕಂದಿರ ಮದುವೆಯ ಕರಿಮಣಿ, ಮಳೆಗಾಲದ ಅಕ್ಕಿ ಎಲ್ಲವೂ ಬೀಡಿಯಿಂದಲೇ ಬಂದದ್ದು ಎಂದು ಈ ಪುಟ ಓದುವ ಅನೇಕರಿಗೆ ನಾನು ಹೇಳಬೇಕಾಗಿಲ್ಲ. ಬ್ರಾಂಚಿನಿಂದ ತೂಕ ಮಾಡಿ ಕೊಟ್ಟ ಎಲೆಯನ್ನು ಹಿಂದಿನ ದಿನ ಸಂಜೆ ನೀರು ಚಿಮುಕಿಸಿ ಒದ್ದೆ ಗೋಣಿಯಲ್ಲಿ ಸುತ್ತಿಡುತ್ತಿದ್ದರು. ಬೆಳಿಗ್ಗೆ ಗಂಜಿ ಮುಗಿಸಿ, ಚಾವಡಿಯ ಕಂಬಕ್ಕೆ ಒರಗಿ, ಕಾಲು ಚಾಚಿ, ಮಡಿಲಿಗೆ ಗೆರಸೆ ಇಟ್ಟುಕೊಂಡರೆ ಕೆಲಸ ಆರಂಭವಾಯಿತು. ತಗಡಿನ ಅಚ್ಚು ಇಟ್ಟು ಎಲೆ ಕತ್ತರಿಸುವುದು, ಹೊಗೆಸೊಪ್ಪು ಉದುರಿಸಿ ಸುರುಳಿ ಸುತ್ತುವುದು, ನೂಲು ಬಿಗಿಯುವುದು. ತಮ್ಮ ಚಿಕ್ಕವನಿದ್ದಾಗ ತೊಟ್ಟಿಲಿನ ಹಗ್ಗವನ್ನು ಕಾಲ ಹೆಬ್ಬೆರಳಿಗೆ ಕಟ್ಟಿಕೊಂಡಿರುತ್ತಿದ್ದರು. ಕೈ ಬೀಡಿಗೆ, ಕಾಲು ಮಗುವಿಗೆ, ಕಿವಿ ಒಲೆಯ ಮೇಲಿನ ಅನ್ನಕ್ಕೆ. ಶಾಲೆಯಿಂದ ಬಂದ ಮೇಲೆ ಬೀಡಿಯ ತಲೆ ಮಡಚುವುದು ನನ್ನ ಪಾಲಿಗೆ. ಇಪ್ಪತ್ತೈದರ ಕಟ್ಟು ಕಟ್ಟುತ್ತಲೇ ನಾನು ಇಪ್ಪತ್ತೈದರ ಮಗ್ಗಿ ಕಲಿತೆ.

ಆ ದಿನಗಳನ್ನು ಹಾಡಿ ಹೊಗಳುವ ಆಸೆ ನನಗಿಲ್ಲ. ಹೊಗೆಸೊಪ್ಪಿನ ಘಾಟಿನಲ್ಲಿ ಮಗು ಮಲಗುವುದು ಒಳ್ಳೆಯದಲ್ಲ, ಅಮ್ಮನ ಕುತ್ತಿಗೆ ನೋವು ಇಂದಿಗೂ ಹೋಗಿಲ್ಲ, ಕಟ್ಟಿದ ಸರಕಾದರೂ ಯಾರ ಆರೋಗ್ಯಕ್ಕೂ ಹಿತವಾದುದಲ್ಲ. ಆದರೆ ಆ ಕೆಲಸಕ್ಕೆ ಒಂದು ಅಳತೆ ಇತ್ತು. ನೆನೆಹಾಕಿದ ಎಲೆ ಎಷ್ಟೋ ಕೆಲಸ ಅಷ್ಟು. ಎಲೆ ತಳಕ್ಕೆ ಬರುವುದು ಮನೆಯವರೆಲ್ಲರ ಕಣ್ಣಿಗೆ ಕಾಣುತ್ತಿತ್ತು. ಅಪ್ಪ ತೋಟದಿಂದ ಬಂದು ಕೈಕಾಲು ತೊಳೆದು “ಎಲೆ ಮುಗಿಯಿತಾ?” ಎಂದು ಕೇಳುತ್ತಿದ್ದರು. ಮುಗಿದಿದ್ದರೆ ದೀಪ ಹಚ್ಚಿ ಜಪಸರಕ್ಕೆ ಕೂರುವುದು. ಮುಗಿದಿಲ್ಲವಾದರೆ ಅಪ್ಪನೂ ಕುಳಿತು ಕಟ್ಟು ಕಟ್ಟುವುದು.

ಮಾರ್ಚ್ 2020ರಲ್ಲಿ ನಾನು ಉಳ್ಳಾಲದ ಕಡೆಯ ಒಂದು ಧರ್ಮಕೇಂದ್ರದಲ್ಲಿದ್ದೆ. ಮನೆ ಇರುವುದು ಕುಂಬಳೆಯಿಂದ ಒಳಗೆ. ಧರ್ಮಪ್ರಾಂತ್ಯ ಒಂದೇ, ರಾಜ್ಯ ಎರಡು. ಅದುವರೆಗೆ ಈ ಎರಡನೆಯ ಸಂಗತಿ ನಮ್ಮ ನೆನಪಿಗೂ ಬರುತ್ತಿರಲಿಲ್ಲ. ಆ ತಿಂಗಳ ಕೊನೆಗೆ ಕಾಸರಗೋಡಿನಲ್ಲಿ ಸೋಂಕು ಏರಿದಾಗ ಕರ್ನಾಟಕ ಗಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ತಲಪಾಡಿಯಲ್ಲಿ ತಡೆಹಿಡಿಯಲ್ಪಟ್ಟು, ಚಿಕಿತ್ಸೆ ಸಿಗದೆ ಕೆಲವರು ಪ್ರಾಣ ಬಿಟ್ಟರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಏಪ್ರಿಲ್ ಮೊದಲ ವಾರದ ನಂತರ ತುರ್ತು ರೋಗಿಗಳಿಗೆ ದಾರಿ ಬಿಟ್ಟರು. ನನ್ನಂಥವರಿಗೆ ಒಂದು ಗಂಟೆಯ ದಾರಿ ಆರು ತಿಂಗಳ ದಾರಿಯಾಯಿತು. ಏಪ್ರಿಲ್ 12ರ ಈಸ್ಟರ್ ಬಲಿಪೂಜೆಯನ್ನು ಖಾಲಿ ಬೆಂಚುಗಳ ಮುಂದೆ, ಸ್ಟ್ಯಾಂಡಿಗೆ ಸಿಕ್ಕಿಸಿದ ಮೊಬೈಲಿಗೆ ಮುಖ ಮಾಡಿ ಅರ್ಪಿಸಿದೆ. ನನ್ನದೂ ಒಂದು ವಿಧದ ವರ್ಕ್ ಫ್ರಂ ಹೋಮೇ. ಆದರೆ ಗುರುನಿವಾಸದಲ್ಲಿ ಅಡುಗೆಯವರನ್ನು ಬಿಟ್ಟರೆ ನಾನೊಬ್ಬನೇ. ಅಡ್ಡ ಬರುವ ಮಗು ಇಲ್ಲ. ಆದುದರಿಂದ ಈ ವಿಷಯದಲ್ಲಿ ನಾನು ನೋಡಿ ತಿಳಿದವನೇ ಹೊರತು ಅನುಭವಿಸಿ ತಿಳಿದವನಲ್ಲ.

ನನ್ನ ತಮ್ಮ ಮತ್ತು ಅವನ ಮಡದಿ ಇಬ್ಬರೂ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದವರು. ಜೂನಿನಲ್ಲಿ ಕೇರಳದ ಪಾಸ್ ಸಿಕ್ಕಿ, ಒಂಬತ್ತು ವರ್ಷದ ಮಗಳು ಮತ್ತು ಮೂರು ವರ್ಷದ ಮಗನೊಂದಿಗೆ ಊರಿಗೆ ಬಂದರು. ಹದಿನಾಲ್ಕು ದಿನ ಉಪ್ಪರಿಗೆಯಲ್ಲಿ ಕ್ವಾರಂಟೈನ್. ಅಮ್ಮ ಮೆಟ್ಟಿಲಿನ ಮೇಲೆ ಊಟವಿಟ್ಟು ಗಂಟೆ ಬಾರಿಸಿ ಬರುತ್ತಿದ್ದರಂತೆ. ಕೆಳಗಿಳಿದ ದಿನ ಹಬ್ಬದ ಹಾಗಿತ್ತು ಎಂದು ಫೋನಿನಲ್ಲಿ ಹೇಳಿದರು. ಅಪ್ಪ ತೀರಿಕೊಂಡ ಮೇಲೆ ಆ ದೊಡ್ಡ ಮನೆಯಲ್ಲಿ ಅಮ್ಮ ಒಬ್ಬರೇ ಇದ್ದವರು. ಇನ್ನು ಮನೆ ತುಂಬಿತು ಎಂದು ನಾನೂ ದೇವರಿಗೆ ಕೃತಜ್ಞತೆ ಸಲ್ಲಿಸಿದೆ.

ಸೆಪ್ಟೆಂಬರಿನಲ್ಲಿ ಗಡಿಯ ನಿರ್ಬಂಧ ಸಡಿಲವಾಗಿ ನಾನು ಮನೆಗೆ ಹೋದಾಗ ಕಂಡ ಮನೆ ಬೇರೆಯೇ. ಎಲ್ಲರೂ ಇದ್ದಾರೆ, ಯಾರೂ ಯಾರೊಡನೆಯೂ ಇಲ್ಲ. ಕೇಬಲ್ಲಿನವರಿಂದ ಹೊಸ ಇಂಟರ್‌ನೆಟ್ ಬಂದಿದೆ, ಕರೆಂಟು ಹೋದರೆಂದು ಇನ್ವರ್ಟರ್ ಬಂದಿದೆ, ಊಟದ ಮೇಜಿನ ಮೇಲೆ ತಮ್ಮನ ಆಫೀಸು. ಅವನ ಗಿರಾಕಿಗಳು ಅಮೆರಿಕದವರಾದ ಕಾರಣ ಮಧ್ಯಾಹ್ನ ಎರಡರಿಂದ ರಾತ್ರಿ ಹನ್ನೊಂದರವರೆಗೆ ಕೆಲಸ. ನಾವು ಊಟಕ್ಕೆ ಕುಳಿತದ್ದು ಅಡುಗೆಮನೆಯ ನೆಲದಲ್ಲಿ. ಮೀಟಿಂಗ್ ಇದ್ದರೆ ಕುಕ್ಕರ್ ಕೂಗಬಾರದು. ನಾಯಿ ಬೊಗಳುತ್ತದೆಂದು ನೆರೆಮನೆಗೆ ಹೋಗಿತ್ತು. ಮಗಳು ಕೋಣೆಯ ಮೂಲೆಯಲ್ಲಿ ಮೊಬೈಲು ಹಿಡಿದು ಬೆಂಗಳೂರಿನ ಶಾಲೆಯ ಪಾಠ ಕೇಳುತ್ತಿದ್ದಳು. ನೆರೆಮನೆಯ ಮಕ್ಕಳಿಗೆ ವಿಕ್ಟರ್ಸ್ ಚಾನೆಲಿನ ಪಾಠ. ರಾತ್ರಿ ಏಳೂವರೆಗೆ ಅಮ್ಮ ಜಪಸರ ತೆಗೆದುಕೊಂಡು ಒಳಕೋಣೆಗೆ ಹೋಗಿ ಪಿಸುಮಾತಿನಲ್ಲಿ ಆರಂಭಿಸಿದರು. ಆ ಮೂರು ವರ್ಷದ ಹುಡುಗನಿಗೆ ಶಿಲುಬೆಯ ಗುರುತು ಹಾಕಲು ಇನ್ನೂ ಬರುತ್ತಿರಲಿಲ್ಲ. ಆದರೆ ತುಟಿಯ ಮೇಲೆ ಬೆರಳಿಟ್ಟು “ಮ್ಯೂಟ್” ಎಂದು ಹೇಳಲು ಬರುತ್ತಿತ್ತು.

ಇದನ್ನು ಹೇಗೋ ಸಹಿಸಬಹುದಿತ್ತು. ನನಗೆ ಹೆಚ್ಚು ಕಂಡದ್ದು ಇನ್ನೊಂದು. ತಮ್ಮ ಕಿವಿಗೆ ಹೆಡ್‌ಫೋನ್ ಹಾಕಿದನೆಂದರೆ ಅವನ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ಅವನ ಮಡದಿ ಹಾಕಿದರೆ ಅದು ಯಾರ ಲೆಕ್ಕಕ್ಕೂ ಇಲ್ಲ. ಅವಳದು ಬೆಳಿಗ್ಗೆ ಒಂಬತ್ತರಿಂದ ಆರರವರೆಗಿನ ಕೆಲಸ, ಓದು ಅವನದೇ ಓದು, ಸಂಬಳ ಅವನಿಗಿಂತ ತುಸು ಹೆಚ್ಚೇ. ಆದರೂ ಮಲಗುವ ಕೋಣೆಯ ಮಂಚದ ಮೇಲೆ ದಿಂಬಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕುಳಿತವಳನ್ನು ದಿನಕ್ಕೆ ಇಪ್ಪತ್ತು ಸಲ ಕರೆಯುತ್ತಿದ್ದರು. ಮಗನ ಚಡ್ಡಿ ಎಲ್ಲಿ, ಮಗಳ ಪಾಸ್‌ವರ್ಡ್ ಯಾವುದು, ಮೀನಿನವನು ಬಂದಿದ್ದಾನೆ ಎಷ್ಟು ತೆಗೆದುಕೊಳ್ಳುವುದು. ಬಂಧುಗಳು ಬಂದರೆ “ಮನೆಯಲ್ಲೇ ಇದ್ದಿಯಲ್ಲ ಮಾರಾಯ್ತಿ, ಒಂದು ಚಾ ಮಾಡು” ಎಂದು ನೇರವಾಗಿ ಕೋಣೆಗೇ ಹೋಗುವುದು. ಆರು ಗಂಟೆಗೆ ಮುಗಿಯಬೇಕಾದ ಕೆಲಸ ಹೀಗೆ ತುಂಡಾಗಿ, ಮಕ್ಕಳು ಮಲಗಿದ ಮೇಲೆ ಮತ್ತೆ ತೆರೆದು ರಾತ್ರಿ ಒಂದು ಗಂಟೆಗೆ ಮುಗಿಯುತ್ತಿತ್ತು. ಬೀಡಿಯ ಎಲೆಯಾದರೆ ಗೆರಸೆಯಲ್ಲಿ ಎಷ್ಟು ಉಳಿದಿದೆ ಎಂದು ಕಾಣುತ್ತದೆ. ಲ್ಯಾಪ್‌ಟಾಪಿನಲ್ಲಿ ಎಷ್ಟು ಉಳಿದಿದೆ ಎಂದು ಹೊರಗಿನಿಂದ ನೋಡುವವರಿಗೆ ಗೊತ್ತಾಗುವುದಿಲ್ಲ. ಎಷ್ಟೋ ಸಲ ಒಳಗೆ ಕುಳಿತವರಿಗೂ ಗೊತ್ತಾಗುವುದಿಲ್ಲ.

ಫೆಬ್ರವರಿ 2021ರಲ್ಲಿ ತಮ್ಮ ಫೋನು ಮಾಡಿ, “ಇವಳು ಕೆಲಸ ಬಿಡುತ್ತಾಳಂತೆ. ನನಗೂ ಸರಿ ಅಂತ ಕಾಣುತ್ತದೆ, ಒಬ್ಬರ ಸಂಬಳ ಸಾಕು. ಅಮ್ಮನಿಗೆ ನೀನು ಹೇಳು” ಎಂದ. ಅಮ್ಮನಿಗೆ ಇದು ಸಂತೋಷದ ಸುದ್ದಿಯೆಂದೇ ಅವನ ಲೆಕ್ಕ. ಕೇರಳದಿಂದ ಬರುವವರಿಗೆ ಕರ್ನಾಟಕ ಆಗಷ್ಟೇ ಆರ್‌ಟಿಪಿಸಿಆರ್ ಪರೀಕ್ಷೆಯ ಪತ್ರ ಕಡ್ಡಾಯ ಮಾಡಿತ್ತು. ಹೋದರೆ ಹಿಂದೆ ಬರುವಾಗ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳಬೇಕು. ಆದರೂ ಹೋದೆ. ಇಂಥ ಮಾತನ್ನು ಫೋನಿನಲ್ಲಿ ಮುಗಿಸಬಾರದು ಎಂಬುದು ಹದಿನೈದು ವರ್ಷಗಳ ಗುರುಜೀವನದಲ್ಲಿ ನಾನು ಕಲಿತದ್ದು.

ಭಾನುವಾರ ಮಧ್ಯಾಹ್ನ, ಯಾರಿಗೂ ಕೆಲಸವಿಲ್ಲದ ಹೊತ್ತು, ಎಲ್ಲರೂ ಚಾವಡಿಯಲ್ಲಿ ಕುಳಿತೆವು. ತಮ್ಮ ವಿಷಯ ತಿಳಿಸಿದ. ಅವನ ಮಡದಿ ತಲೆ ತಗ್ಗಿಸಿಕೊಂಡು ಮಗನ ಕೂದಲು ಬಾಚುತ್ತಿದ್ದಳು. ಅಮ್ಮ ಏನೂ ಹೇಳದೆ ಒಳಗೆ ಹೋದರು. ಸಿಟ್ಟಾದರೆಂದು ನಾವು ತಿಳಿದೆವು. ಬರುವಾಗ ಅವರ ಕೈಯಲ್ಲಿ ಬೀಡಿಯ ಪಾಸ್‌ಬುಕ್ಕು ಮತ್ತು ಪಿಂಚಣಿಯ ಕಾಗದ ಇತ್ತು. ಕೊಂಕಣಿಯಲ್ಲಿ ಅವರಾಡಿದ ಮಾತನ್ನು ಕನ್ನಡದಲ್ಲಿ ಬರೆಯುವುದಾದರೆ ಹೀಗೆ: “ಮನೆಯಲ್ಲಿ ಕೂತು ಮಾಡಿದ್ದು ಕೆಲಸವೇ ಅಲ್ಲ ಅಂತ ನನಗೂ ಹೇಳಿದ್ದರು. ಅದನ್ನು ಕೆಲಸ ಅಂತ ಒಪ್ಪಿಸಲಿಕ್ಕೆ ಕೋರ್ಟಿಗೆ ಹೋಗಬೇಕಾಯಿತು. ಈಗ ನನ್ನ ಮನೆಯಲ್ಲೇ ಇವಳಿಗೆ ಅದನ್ನು ಹೇಳುವುದಾ? ಇವಳ ಎಲೆ ದಿನಕ್ಕೆ ಎಷ್ಟು ಅಂತ ನಿಮ್ಮಲ್ಲಿ ಯಾರಾದರೂ ಒಬ್ಬರು ಕೇಳಿದ್ದೀರಾ?”

ಕೋರ್ಟಿನ ಮಾತು ಅಮ್ಮ ಸುಮ್ಮನೆ ಆಡಿದ್ದಲ್ಲ. ಬೀಡಿ ಕಾರ್ಮಿಕರಿಗಾಗಿ 1966ರಲ್ಲಿ ಬಂದ ಕಾನೂನು ಕಾರ್ಖಾನೆಯಲ್ಲಿ ಕುಳಿತವರನ್ನು ಮಾತ್ರವಲ್ಲ, ಎಲೆ ಒಯ್ದು ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದೇ ಎಣಿಸಿತು. ಮಾಲೀಕರು ಅದನ್ನು ಪ್ರಶ್ನಿಸಿದರು. 1974ರಲ್ಲಿ ಸುಪ್ರೀಂ ಕೋರ್ಟು ಕಾನೂನನ್ನು ಎತ್ತಿಹಿಡಿಯಿತು. ಆಮೇಲೆ ಭವಿಷ್ಯನಿಧಿಯ ಪ್ರಶ್ನೆ ಬಂತು. ಮನೆಯಲ್ಲಿ ತಮಗೆ ಬೇಕಾದ ಹೊತ್ತಿನಲ್ಲಿ ಕಟ್ಟುವ ಹೆಂಗಸರ ಮೇಲೆ ನಮ್ಮ ಹತೋಟಿ ಎಲ್ಲಿದೆ, ಅವರು ನಮ್ಮ ನೌಕರರು ಹೇಗಾಗುತ್ತಾರೆ ಎಂಬುದು ವಾದ. ಸರಿಯಿಲ್ಲದ ಬೀಡಿಯನ್ನು ತಿರಸ್ಕರಿಸುವ ಅಧಿಕಾರ ನಿಮ್ಮ ಕೈಯಲ್ಲಿದೆಯಲ್ಲ, ಅದೇ ಹತೋಟಿ ಎಂಬ ಅರ್ಥದಲ್ಲಿ 1985ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಮನೆಯಲ್ಲಿ ಕಟ್ಟುವವರಿಗೂ ಭವಿಷ್ಯನಿಧಿ ಸಲ್ಲುತ್ತದೆ ಎಂದಿತು. ಸೆಮಿನರಿಯಲ್ಲಿ ಧರ್ಮಸಭೆಯ ಸಾಮಾಜಿಕ ಬೋಧನೆಯನ್ನು ನಾನು ಪುಸ್ತಕದಿಂದ ಓದಿದೆ. ಅಮ್ಮ ಅದರ ಒಂದು ಅಧ್ಯಾಯವನ್ನು ಬ್ರಾಂಚಿನ ಕ್ಯೂನಲ್ಲಿ ನಿಂತು, ಯೂನಿಯನಿನವರ ಬಾಯಿಂದ ಕೇಳಿ ಕಲಿತಿದ್ದರು. ಆ ಪಿಂಚಣಿ ಈಗಲೂ ತಿಂಗಳಿಗೆ ಸಾವಿರ ಚಿಲ್ಲರೆ ರೂಪಾಯಿ ಬರುತ್ತದೆ. ಮಗ ಕಳಿಸುವ ಹಣವನ್ನು ಅವರು ಬ್ಯಾಂಕಿನಲ್ಲಿ ಬಿಡುತ್ತಾರೆ. ಇದನ್ನು ಮಾತ್ರ ತಿಂಗಳು ತಿಂಗಳು ತಾವೇ ಹೋಗಿ ತೆಗೆಯುತ್ತಾರೆ.

ಅಂದು ಸಂಜೆಯೇ ರಾಜೀನಾಮೆಯ ಮಾತು ನಿಂತಿತು ಎಂದು ಬರೆದರೆ ಸುಳ್ಳಾದೀತು. ಎರಡು ವಾರ ಮನೆಯಲ್ಲಿ ಬಿಗುವಿತ್ತು. ನಂತರ ಒಂದೊಂದೇ ಬದಲಾಯಿತು. ಹಿಂದೆ ಎಲೆ ಇಡುತ್ತಿದ್ದ ಚಾವಡಿಯ ಪಕ್ಕದ ಸಣ್ಣ ಕೋಣೆಯನ್ನು ತೊಳೆದು ಸುಣ್ಣ ಬಳಿದು, ಮೇಜು ಕುರ್ಚಿ ಹಾಕಿ, ಒಳಗಿನಿಂದ ಚಿಲಕ ಇಡಿಸಿದರು. ಬಾಗಿಲಿಗೆ ಮಗಳ ಹಳೆಯ ಸ್ಲೇಟು ತೂಗಿತು. ಅದರಲ್ಲಿ ದಿನಕ್ಕೆ ಯಾವ ಹೊತ್ತು ಕರೆಯಬಾರದು ಎಂದು ಬರೆದಿರುತ್ತಿತ್ತು. ಅಮ್ಮನಿಗೆ ಇಂಗ್ಲಿಷ್ ಬಾರದ ಕಾರಣ ಕನ್ನಡದಲ್ಲೇ ಬರೆಯಬೇಕು; ಬೆಂಗಳೂರಿನಲ್ಲಿ ಬೆಳೆದ ಹುಡುಗಿಗೆ ಕನ್ನಡ ಅಂಕೆ ಬಂದದ್ದು ಆ ಸ್ಲೇಟಿನಿಂದ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ಮಗನೂ ಅಡುಗೆಮನೆಯೂ ತಮ್ಮನ ಪಾಲಿಗೆ. ಮೊದಲ ಒಂದು ತಿಂಗಳ ಬಂಗುಡೆ ಸಾರಿನ ವಿಷಯ ನಾನು ಇಲ್ಲಿ ಬರೆಯುವುದಿಲ್ಲ, ಅವನೂ ಈ ಪತ್ರಿಕೆ ಓದುವವನು. ಸಂಜೆ ಆರೂವರೆಗೆ ಅವಳು ಲ್ಯಾಪ್‌ಟಾಪ್ ಮುಚ್ಚಿ ಅದನ್ನು ಕಪಾಟಿನಲ್ಲಿಟ್ಟು ಹೊರಗೆ ಬರಬೇಕು ಎಂದು ಅಮ್ಮನ ಆಜ್ಞೆ. ಮೇಜಿನ ಮೇಲೆ ಬಿಟ್ಟರೆ ಅದು ಕರೆಯುತ್ತದೆ ಎಂದು ಅವರ ವಾದ. ಮಗ ಬಾಗಿಲ ಬಳಿ ಕಾದು ನಿಂತು “ಎಲೆ ಮುಗಿಯಿತಾ?” ಎಂದು ಕೂಗುತ್ತಿದ್ದ. ಅವನು ಬೀಡಿಯ ಎಲೆಯನ್ನು ಕಣ್ಣಿನಿಂದ ಕಂಡವನಲ್ಲ.

ಎಲ್ಲವೂ ಸರಿಯಾಗಲಿಲ್ಲ. ತಮ್ಮನ ರಾತ್ರಿಯ ಕೆಲಸ ಹಾಗೆಯೇ ಉಳಿಯಿತು. ವಾರಕ್ಕೆ ಮೂರು ದಿನ ಏಳೂವರೆಗೆ ಅರ್ಧ ಗಂಟೆ ಬಿಡುವು ಕೇಳಿಕೊಂಡು ಜಪಸರಕ್ಕೆ ಬರುತ್ತಿದ್ದ, ಉಳಿದ ದಿನ ಇಲ್ಲ. ಮೇ 2021ರ ಎರಡನೆಯ ಅಲೆಯಲ್ಲಿ ಅವನ ಮಡದಿಯ ಸೋದರಮಾವ ತೀರಿಕೊಂಡರು. ಹೋಗುವಂತಿರಲಿಲ್ಲ. ಅಂತ್ಯವಿಧಿಯನ್ನು ಮೊಬೈಲಿನಲ್ಲಿ ತೋರಿಸುತ್ತಿದ್ದರು, ಅದೇ ಹೊತ್ತಿಗೆ ಲ್ಯಾಪ್‌ಟಾಪಿನಲ್ಲಿ ಬಿಡಲಾಗದ ಮೀಟಿಂಗು. ಎರಡನ್ನೂ ಎದುರಿಗಿಟ್ಟು, ಎರಡರ ಧ್ವನಿಯನ್ನೂ ಮುಚ್ಚಿ ಕುಳಿತಿದ್ದಳಂತೆ. ಅದಕ್ಕೆ ಸ್ಲೇಟಿನಿಂದ ಪರಿಹಾರವಿಲ್ಲ. ಆಫೀಸಿನಲ್ಲಿದ್ದಿದ್ದರೆ ರಜೆ ಹಾಕಿ ಎದ್ದು ಬರುತ್ತಿದ್ದೆ, ಮನೆಯಲ್ಲಿದ್ದ ಕಾರಣ ಏಳಲು ಆಗಲಿಲ್ಲ ಎಂದು ಅವಳು ಆಮೇಲೆ ನನ್ನೊಡನೆ ಹೇಳಿದಳು.

ಮಹಾಮಾರಿ ಕುಟುಂಬಗಳನ್ನು ಒಂದುಗೂಡಿಸಿತು ಎಂದು ಆ ದಿನಗಳಲ್ಲಿ ಅನೇಕ ಪ್ರಸಂಗಗಳಲ್ಲಿ ಕೇಳಿದ್ದೇವೆ. ಒಂದೇ ಸೂರಿನಡಿಗೆ ತಂದದ್ದು ನಿಜ. ಅದು ಕೂಡ ಎಲ್ಲರನ್ನೂ ಅಲ್ಲ. ಮಂಗಳೂರಿನ ಆಸ್ಪತ್ರೆಗಳಲ್ಲಿ ದುಡಿಯುವ ನಮ್ಮ ಕಡೆಯ ದಾದಿಯರು ಗಡಿ ಮುಚ್ಚಿದಾಗ ವಾರಗಟ್ಟಲೆ ಮಕ್ಕಳ ಮುಖ ಕಾಣದೆ ಹಾಸ್ಟೆಲಿನಲ್ಲಿ ಉಳಿದರು. ಮಂಜೇಶ್ವರದ ಮೀನುಗಾರರಿಗೆ ಮನೆಯಿಂದ ಬಲೆ ಬೀಸಲಾಗದು. ಬೀಡಿ ಕಟ್ಟುವವರಿಗಂತೂ ಲಾಕ್‌ಡೌನಿನಲ್ಲಿ ಬ್ರಾಂಚು ಮುಚ್ಚಿ ಎಲೆಯೇ ಬರಲಿಲ್ಲ. ಮನೆಯಿಂದ ಕೆಲಸ ಮಾಡುವುದರಲ್ಲಿ ಎಲ್ಲರಿಗಿಂತ ಹಳಬರು ಅವರೇ. ಆ ದಿನಗಳಲ್ಲಿ ಅವರಿಗೇ ಕೆಲಸವಿರಲಿಲ್ಲ.

ದಿವಂಗತ ಪೋಪ್ ಫ್ರಾನ್ಸಿಸರು ಡಿಸೆಂಬರ್ 8, 2020ರಂದು ಸಂತ ಜೋಸೆಫರ ವರ್ಷವನ್ನು ಘೋಷಿಸಿದಾಗ, ನಜರೇತಿನ ಬಡಗಿಯ ಕೆಲಸದ ಜಾಗವೂ ಮನೆಯೂ ಬಹಳ ದೂರವಿದ್ದಿರಲಾರದು ಎಂದು ನಾನೊಂದು ಪ್ರಸಂಗದಲ್ಲಿ ಹೇಳಿದೆ. ಪೂಜೆಯ ನಂತರ ಒಬ್ಬ ಯುವಕ ಬಂದು, “ಫಾದರ್, ಜೋಸೆಫರು ರಾತ್ರಿ ಹನ್ನೊಂದಕ್ಕೂ ಕೀಸುಳಿ ಹಿಡಿಯುತ್ತಿದ್ದರಾ?” ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಕತ್ತಲಾದರೆ ಮರದ ಕೆಲಸ ನಿಲ್ಲುತ್ತದೆ. ನಿಲ್ಲದ ಕೆಲಸವನ್ನು ನಿಲ್ಲಿಸಲು ಕೆಲವು ದೇಶಗಳು ಕಾನೂನನ್ನೇ ಮಾಡಬೇಕಾಯಿತು. ಫ್ರಾನ್ಸಿನಲ್ಲಿ 2017ರಿಂದ ದೊಡ್ಡ ಕಂಪನಿಗಳು ಕೆಲಸದ ಹೊತ್ತಿನಾಚೆಯ ಸಂದೇಶಗಳ ಬಗ್ಗೆ ನೌಕರರೊಡನೆ ಮಾತಾಡಿ ತೀರ್ಮಾನಕ್ಕೆ ಬರಬೇಕೆಂದು ನಿಯಮವಿದೆ. ಪೋರ್ಚುಗಲ್ 2021ರ ಕೊನೆಗೆ, ಕೆಲಸ ಮುಗಿದ ಮೇಲೆ ನೌಕರನನ್ನು ಸುಮ್ಮನೆ ಕರೆಯಬಾರದೆಂದು ಕಾನೂನು ಮಾಡಿತು. ನಮ್ಮ ಲೋಕಸಭೆಯಲ್ಲಿ 2018ರಲ್ಲಿ ಇಂಥದೊಂದು ಖಾಸಗಿ ಮಸೂದೆ ಮಂಡನೆಯಾಯಿತು, ಕಾನೂನಾಗಲಿಲ್ಲ. ಕಾನೂನಿನಿಂದ ಆಫೀಸಿನ ಕರೆ ನಿಂತೀತು. ಚಾ ಮಾಡೆಂದು ಚಾವಡಿಯಿಂದ ಬರುವ ಕರೆಯನ್ನು ಯಾವ ದೇಶದ ಕಾನೂನೂ ನಿಲ್ಲಿಸಲಾರದು.

ಜೂನ್ 2022ರಲ್ಲಿ ತಮ್ಮನ ಕುಟುಂಬ ಬೆಂಗಳೂರಿಗೆ ಹಿಂದಿರುಗಿತು. ಅವನ ಮಡದಿ ಅದೇ ಕೆಲಸದಲ್ಲಿದ್ದಾಳೆ. ವಾರಕ್ಕೆ ಮೂರು ದಿನ ಆಫೀಸು, ಉಳಿದ ದಿನ ಮನೆಯಿಂದ. ತಮ್ಮ ಮರುವರ್ಷ ಹಗಲು ಪಾಳಿಯ ಕೆಲಸ ಹುಡುಕಿಕೊಂಡ, ಸಂಬಳ ಸ್ವಲ್ಪ ಕಡಿಮೆ. ನಾಯಿ ನೆರೆಮನೆಗೇ ಒಗ್ಗಿಹೋದ ಕಾರಣ ವಾಪಸು ಬರಲಿಲ್ಲ. ಅಮ್ಮ ಮತ್ತೆ ಒಬ್ಬರೇ ಇದ್ದಾರೆ, ಆದರೆ ಏಳೂವರೆಗೆ ವಿಡಿಯೋ ಕರೆಯಲ್ಲಿ ಮೊಮ್ಮಕ್ಕಳೊಡನೆ ಜಪಸರ ನಡೆಯುತ್ತದೆ. ಅಮ್ಮ ಈಗ ಗಟ್ಟಿಯಾಗಿಯೇ ಹೇಳುತ್ತಾರೆ. ಸಣ್ಣ ಕೋಣೆಯಲ್ಲಿ ಮೇಜು ಕುರ್ಚಿ ಇನ್ನೂ ಇದೆ, ಬಾಗಿಲಿನ ಸ್ಲೇಟೂ ಇದೆ. ಅದರಲ್ಲಿ ಅವರು ಕರೆಂಟಿನ ಬಿಲ್ಲು ಕಟ್ಟುವ ತಾರೀಕನ್ನು ಬರೆದಿಡುತ್ತಾರೆ.